ಕೊಳೆರೋಗ ಲ್ಯಾಟಿನ್‌ಗೆ ಹೋದ ಕತೆ

ಕೆಲವು ವರ್ಷಗಳ ಹಿಂದೆ ಆಶ್ಲೇಷ ಮಳೆ ಹೊಡೆಯುತ್ತಿದ್ದಾಗ ನಾವು ಕಳಸದ ಕಡೆಯಿಂದ ಒಂದು ಸುದ್ದಿ ಕಳಿಸಿದ್ದೆವು. ‘ಕಾಫಿ, ಅಡಿಕೆಗೆ ಕೊಳೆರೋಗ: ಬೆಳೆಗಾರರು ಕಂಗಾಲು’ ಅಂತ ತಲೆಬರಹ. ಮಲೆನಾಡಿನ ಸ್ಟ್ರಿಂಗರ್‌ಗಳಿಗೆಲ್ಲ ಈ ತಲೆಬರಹ ಬಾಯಿಪಾಠ. ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ಬರೆಯುತ್ತೇವೆ, ಫೋಟೊ ಮಾತ್ರ ಹೊಸದು. ಆ ಸಲ ಸ್ವಲ್ಪ ಬುದ್ಧಿವಂತಿಕೆ ತೋರಿಸಲು ಹೋಗಿ ‘ಎರಡೂ ಬೆಳೆಗೆ ತಗಲುವ ಈ ಶಿಲೀಂಧ್ರ ಅಡಿಕೆಯಿಂದ ಕಾಫಿಗೆ ಹರಡುತ್ತದೆ’ ಎಂದೂ ಸೇರಿಸಿದೆವು. ಹಾಗಂತ ನಮಗೆ ಯಾರೂ ಹೇಳಿರಲಿಲ್ಲ. ಹೆಸರು ಒಂದೇ ಇದೆಯಲ್ಲ, ರೋಗವೂ ಒಂದೇ ಇರಬೇಕು ಅಂದುಕೊಂಡಿದ್ದೆವು.

ಮಾರನೇ ದಿನ ಬೆಳಿಗ್ಗೆ ಮೂಡಿಗೆರೆ ಕಡೆಯ ಎಸ್ಟೇಟೊಂದರ ಹಳೇ ರೈಟರ್ ಒಬ್ಬರ ಫೋನ್ ಬಂತು. “ಏನ್ ಬರ್ದಿದೀರಿ ಮಾರಾಯ್ರೇ? ನಿಮ್ ಪೇಪರ್ ಓದ್ಕೊಂಡು ನಮ್ಮ ಪಕ್ಕದ ತೋಟದೋನು ಅಡಿಕೆ ನಡುವಿನ ಕಾಫಿ ಗಿಡ ಕೀಳಿಸ್ತೀನಿ ಅಂತ ಕೂತಿದಾನೆ. ಒಂದೂವರೆ ಎಕರೆ ಅವಂದು. ಅಡಿಕೆ ಕೊಳೆ ಬೇರೆ, ಕಾಫಿ ಕೊಳೆ ಬೇರೆ. ನಲವತ್ತು ವರ್ಷ ಎರಡಕ್ಕೂ ಔಷಧಿ ಹೊಡಿಸಿದೀನಿ ನಾನು.” ನಾವು ತೊದಲಿದೆವು. ತೋಟದವರಿಗೆ ಅವರೇ ಸಮಾಧಾನ ಹೇಳಿ ಗಿಡ ಉಳಿಸಿದರು ಅನ್ನುವುದು ಆಮೇಲೆ ಗೊತ್ತಾಯಿತು. ತಿದ್ದುಪಡಿ ಹಾಕಿ ಎಂದು ಡೆಸ್ಕ್‌ಗೆ ಹೇಳಿದರೆ ‘ಕೊಳೆರೋಗಕ್ಕೆಲ್ಲ ತಿದ್ದುಪಡಿ ಬೇಡ’ ಅಂದರು.

ಅಂದಿನಿಂದ ನಮಗೆ ಈ ಪದದ ಹಿಂದೆ ಬೀಳುವ ಹುಚ್ಚು. ಈ ಬೆಟ್ಟಗಳ ಚರಿತ್ರೆ ಅಂದರೆ ನಮಗೆ ಪಾಳೇಗಾರರು, ದೇವಸ್ಥಾನ, ಬಾಬಾಬುಡನ್ ತಂದ ಏಳು ಬೀಜ, ಬ್ರಿಟಿಷ್ ದೊರೆಗಳು. ಹುಡುಕುತ್ತ ಹೋದರೆ ಸಿಕ್ಕಿದ ಚರಿತ್ರೆ ಬೇರೆಯದೇ ಆಗಿತ್ತು. ಅದರಲ್ಲಿ ದೊರೆಗಳು ಬರುತ್ತಾರೆ, ಹೋಗುತ್ತಾರೆ. ಇಡೀ ಕತೆಯನ್ನು ಎಳೆದುಕೊಂಡು ಹೋಗುವುದು ಒಂದು ಹುಳ, ಒಂದೆರಡು ಬೂಷ್ಟು ಮತ್ತು ಮರದ ನೆರಳು.

ಮೊದಲು ನಮ್ಮ ತಪ್ಪು ಸರಿಮಾಡಿಕೊಳ್ಳೋಣ. ಅಡಿಕೆಯ ಕೊಳೆರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಜೀವಿ. ನೋಡಲು ಶಿಲೀಂಧ್ರದ ಹಾಗೆಯೇ ಇದ್ದರೂ ಜೀವಶಾಸ್ತ್ರದವರು ಇದನ್ನು ಈಗ ಶಿಲೀಂಧ್ರದ ಸಾಲಿನಲ್ಲಿ ಕೂರಿಸುವುದಿಲ್ಲ, ಪಾಚಿಗಳ ದಾಯಾದಿ ಅನ್ನುತ್ತಾರೆ. ಇದರ ಬೀಜಾಣುಗಳಿಗೆ ಬಾಲದಂಥ ಎಳೆಗಳಿದ್ದು ನೀರಿನಲ್ಲಿ ಈಜುತ್ತವೆ. ಕೊನೆಯ ಮೇಲೆ ಮಳೆನೀರು ನಿಂತರೆ ಸಾಕು, ಕಾಯಿಂದ ಕಾಯಿಗೆ ಹೋಗುತ್ತವೆ. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಕೊಳೆಯಿಸಿ ಲಕ್ಷಾಂತರ ಜನರನ್ನು ಉಪವಾಸ ಕೆಡವಿದ್ದು ಇದೇ ಕುಲದ ಇನ್ನೊಂದು ಪ್ರಭೇದ.

ಕಾಫಿಯ ಕೊಳೆ ನಿಜವಾದ ಶಿಲೀಂಧ್ರ. ಅದು ಈಜುವುದಿಲ್ಲ, ತೆವಳುತ್ತದೆ. ಬೂದು ಎಳೆಗಳ ಬಲೆ ರೆಂಬೆಯ ಮೇಲೆ ಹಬ್ಬುತ್ತ ಎಲೆಯ ಅಡಿಗೆ ಬರುತ್ತದೆ, ಎಲೆ ಕಪ್ಪಾಗುತ್ತದೆ. ಕಪ್ಪಾದ ಎಲೆ ಕೆಳಗೆ ಬೀಳುವುದೂ ಇಲ್ಲ. ತೊಟ್ಟು ಕಳಚಿದ್ದರೂ ಬೂಷ್ಟಿನ ಎಳೆಗೆ ನೇತುಬಿದ್ದು ಗಾಳಿಗೆ ಓಲಾಡುತ್ತಿರುತ್ತದೆ. ಆ ಎಲೆ ಪಕ್ಕದ ಎಲೆಗೆ ತಾಗಿದರೆ ಅಲ್ಲಿಗೂ ದಾರಿ. ಪುನರ್ವಸು, ಪುಷ್ಯದಲ್ಲಿ ಎಂಟು ಹತ್ತು ದಿನ ಬಿಡದೆ ಮಳೆ ಹಿಡಿದು ಮಂಜು ತೋಟದೊಳಗೇ ಕೂತಾಗ ಗಿಡದ ನಡುವೆ ಕೈ ಹಾಕಿ ನೋಡಿದವರಿಗೆ ಇದು ಗೊತ್ತಿರುತ್ತದೆ. ನೇತಾಡುವ ಎಲೆಯನ್ನು ಕಿತ್ತರೆ ಬೆರಳಿಗೆ ಜೇಡರ ಬಲೆ ತಾಗಿದ ಹಾಗೆ ಆಗುತ್ತದೆ.

ಈ ರೋಗದ ಮಾದರಿಗಳು ಮೈಸೂರು ಸೀಮೆಯಿಂದ ಇಂಗ್ಲೆಂಡಿಗೆ ಹೋದವು. ಅಲ್ಲಿ ಶಿಲೀಂಧ್ರ ಪಂಡಿತ ಎಂ.ಸಿ. ಕುಕ್ 1876ರಲ್ಲಿ ಅದನ್ನು ವಿವರಿಸಿ ಹೆಸರಿಟ್ಟ: ಪೆಲ್ಲಿಕ್ಯುಲೇರಿಯಾ ಕೊಳೆರೋಗ. ನಮ್ಮ ತೋಟದ ಆಳುಗಳ ಬಾಯಲ್ಲಿದ್ದ ಪದವೇ ಲ್ಯಾಟಿನ್ ಹೆಸರಿನ ಉತ್ತರಾರ್ಧವಾಯಿತು. 1958ರಲ್ಲಿ ಡೋಂಕ್ ಎಂಬ ಡಚ್ ವಿಜ್ಞಾನಿ ಇದಕ್ಕಾಗಿ ಪ್ರತ್ಯೇಕ ಕುಲವನ್ನೇ ಮಾಡಿ ಆ ಕುಲಕ್ಕೇ ಕೊಳೆರೋಗ ಎಂದು ಕರೆದ: ಕೊಳೆರೋಗ ನಾಕ್ಸಿಯಾ. ಕೆಲವರು ಇದನ್ನು ಬೇರೆ ಕುಲಕ್ಕೆ ಸೇರಿಸುತ್ತಾರೆ, ಆ ಜಗಳ ಇನ್ನೂ ಇದೆ. ಕನ್ನಡದ ರೋಗದ ಹೆಸರೊಂದು ಜಗತ್ತಿನ ಸಸ್ಯರೋಗ ಪುಸ್ತಕಗಳಲ್ಲಿ ಹೀಗೆ ಕೂತಿದೆ ಎಂದು ನಮ್ಮ ಡಿಪ್ಲೊಮಾ ಕ್ಲಾಸಿನಲ್ಲಿ ಯಾರಾದರೂ ಹೇಳಿದ್ದರೆ ಕೃಷಿ ವರದಿಯನ್ನು ಅಷ್ಟು ಉದಾಸೀನ ಮಾಡುತ್ತಿರಲಿಲ್ಲವೇನೋ. ತಮಾಷೆ ಎಂದರೆ ಫೈಟಾಫ್ತೊರಾ ಎಂಬ ಕುಲಕ್ಕೂ ಹೆಸರು ಬಿದ್ದಿದ್ದು ಅದೇ 1876ರಲ್ಲಿ. ಹೆಸರಿಟ್ಟವನು ಜರ್ಮನಿಯ ಡಿ ಬಾರಿ. ನಾವು ಒಂದೇ ಹೆಸರಲ್ಲಿ ಕರೆಯುವ ಎರಡು ರೋಗಗಳಿಗೆ ಯುರೋಪಿನ ಎರಡು ಊರಲ್ಲಿ ಒಂದೇ ವರ್ಷ ಬೇರೆಬೇರೆ ನಾಮಕರಣ.

ಮೈಸೂರಿನ ಬೂಷ್ಟಿನ ಮೇಲೆ ಲಂಡನ್ನಿನವರಿಗೆ ಅಷ್ಟು ಆಸಕ್ತಿ ಯಾಕೆ ಬಂತು? ಅದಕ್ಕೆ ಹತ್ತು ವರ್ಷ ಹಿಂದೆ ಹೋಗಬೇಕು. ಕಾಫಿ ಮೂಲತಃ ಇಥಿಯೋಪಿಯಾದ ಕಾಡಿನೊಳಗಿನ ಗಿಡ. ದೊಡ್ಡ ಮರಗಳ ಕೆಳಗೆ, ಸೋಸಿ ಬಂದ ಬಿಸಿಲಲ್ಲಿ ಬದುಕಿದ ಜಾತಿ. ನಮ್ಮವರು ಹಿತ್ತಿಲಲ್ಲಿ, ಕಾಡಿನ ಅಂಚಲ್ಲಿ ಹಾಗೆಯೇ ಬೆಳೆಯುತ್ತಿದ್ದರು. ಬ್ರಿಟಿಷ್ ಪ್ಲಾಂಟರ್‌ಗಳು 19ನೇ ಶತಮಾನದ ನಡುವಿನಲ್ಲಿ ಬೆಟ್ಟಗಳಿಗೆ ಬಂದಾಗ ಕೆಲವೆಡೆ ಸಿಲೋನಿನ ಪದ್ಧತಿ ತಂದರು. ಕಾಡು ಕಡಿ, ಬೆಂಕಿ ಹಾಕು, ಬಯಲಲ್ಲಿ ಕಾಫಿ ನೆಡು.

ಮೊದಲ ಕೆಲವು ವರ್ಷ ಫಸಲು ಭರ್ಜರಿ. ಯಾಕೆಂದರೆ ಶತಮಾನಗಳ ಕಾಲ ಕಾಡು ಕೂಡಿಟ್ಟಿದ್ದ ಗಂಟು ಅದು. ಮರಗಳು ಬಿಸಿಲಿನ ಶಕ್ತಿಯನ್ನು ಎಲೆಯಾಗಿ ಮಾಡುತ್ತವೆ, ಎಲೆ ಉದುರುತ್ತದೆ, ನೆಲದ ಬೂಷ್ಟು, ಬ್ಯಾಕ್ಟೀರಿಯಾ, ಎರೆಹುಳ, ಗೆದ್ದಲು ಅದನ್ನು ತಿಂದು ಕರಗಿಸುತ್ತವೆ, ಅದರೊಳಗಿನ ಸಾರಜನಕ, ರಂಜಕ ಮತ್ತೆ ಬೇರಿಗೆ ಸಿಗುತ್ತದೆ. ಇಲ್ಲಿ ಒಂದು ಲೆಕ್ಕ ನೆನಪಿಡಬೇಕು. ಶಕ್ತಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ: ಸೂರ್ಯನಿಂದ ಎಲೆಗೆ, ಎಲೆಯಿಂದ ತಿನ್ನುವವರಿಗೆ, ಪ್ರತಿ ಮೆಟ್ಟಿಲಲ್ಲೂ ಹೆಚ್ಚಿನ ಪಾಲು ಬಿಸಿಯಾಗಿ ಕಳೆದುಹೋಗಿ ಕೊನೆಗೆ ಖಾಲಿ. ಸಾರ ಹಾಗಲ್ಲ, ಅದು ಸುತ್ತುತ್ತದೆ. ಸುತ್ತಿಸುವವರು ಕಣ್ಣಿಗೆ ಕಾಣದ ಜೀವಿಗಳು. ಕಾಡು ಸುಟ್ಟಾಗ ಸಾರವೆಲ್ಲ ಒಂದೇ ಸಲ ಬೂದಿಯಾಗಿ ನೆಲಕ್ಕೆ ಬಂತು, ಗಿಡ ಒಂದಿಷ್ಟು ಉಂಡಿತು. ಉಳಿದದ್ದು ನಮ್ಮ ಆರಿದ್ರ ಮಳೆಗೆ ಕೊಚ್ಚಿ ಹಳ್ಳಕ್ಕೆ ಹೋಯಿತು. ಮರ ಇಲ್ಲ, ತರಗೆಲೆ ಇಲ್ಲ, ಸುತ್ತಿಸುವವರಿಗೆ ಊಟವಿಲ್ಲ.

ಆಮೇಲೆ ಹುಳ ಬಂತು. ಬಿಳಿ ಕಾಂಡಕೊರಕ. ಗಿಡದ ತೊಗಟೆಯ ಸಂದಿಯಲ್ಲಿ ದುಂಬಿ ಮೊಟ್ಟೆ ಇಡುತ್ತದೆ, ಮರಿ ಕಾಂಡದೊಳಗೆ ಸುರಂಗ ಕೊರೆಯುತ್ತದೆ. 1860ರ ದಶಕದಲ್ಲಿ ಮೈಸೂರು, ಕೊಡಗು, ವಯನಾಡಿನ ತೋಟಗಳಿಗೆ ಇದು ಬಡಿದ ರೀತಿಗೆ ಮದ್ರಾಸ್ ಸರ್ಕಾರ ಜಾರ್ಜ್ ಬಿಡೀ ಎಂಬ ವೈದ್ಯನನ್ನು ತನಿಖೆಗೆ ಕಳಿಸಿತು. ಅವನ ವರದಿ 1869ರಲ್ಲಿ ಅಚ್ಚಾಯಿತು. ದುಂಬಿಗೆ ಬಿಸಿಲು ಬಿದ್ದ, ಒಣಗಿದ ಕಾಂಡ ಇಷ್ಟ, ಆದ್ದರಿಂದ ನೆರಳು ಕೊಡಿ ಎನ್ನುವುದು ಅದರ ಮುಖ್ಯ ಸಲಹೆ. ಚಿಕ್ಕಮಗಳೂರಿನ ಹೆಸರಿನ ಮೊದಲ ಅಕ್ಷರಗಳನ್ನೇ ಹೊತ್ತಿದ್ದ ‘ಚಿಕ್’ ಎಂಬ ಹಳೇ ತಳಿ ಆ ದಶಕಗಳಲ್ಲೇ ಕುಸಿದು ಅದರ ಜಾಗಕ್ಕೆ ಕೊಡಗಿನ ಬೀಜ ಬಂತು. ಪಕ್ಕದ ಮಂಜರಾಬಾದಿನ ಪ್ಲಾಂಟರ್ ಆರ್.ಎಚ್. ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ನೆರಳಿನ ಬಗ್ಗೆಯೇ ಪುಟಗಟ್ಟಲೆ ಬರೆದ. ಯಾವ ಮರ ಇರಲಿ, ಯಾವುದು ಬೇಡ, ಎಷ್ಟು ಇರಲಿ. ನಮ್ಮ ಅಜ್ಜಂದಿರಿಗೆ ಗೊತ್ತಿದ್ದದ್ದು ದೊರೆಗಳಿಗೆ ದುಬಾರಿ ಬೆಲೆಗೆ ಗೊತ್ತಾಯಿತು ಎಂದು ನಮಗೆ ಅನಿಸುತ್ತದೆ. ಹೀಗೆ ಹೇಳಿದರೆ ಕೆಲವರು ಅಜ್ಜಂದಿರನ್ನು ಹೊಗಳುವುದು ಜಾಸ್ತಿಯಾಯಿತು ಅನ್ನುತ್ತಾರೆ, ಇರಲಿ.

ಬಿಡೀ ವರದಿ ಬಂದ ವರ್ಷವೇ, 1869ರಲ್ಲೇ, ಸಿಲೋನಿನಲ್ಲಿ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿತು. ಎಲೆತುಕ್ಕು. ಬರ್ಕ್ಲಿ ಮತ್ತು ಬ್ರೂಮ್ ಎಂಬಿಬ್ಬರು ಆ ವರ್ಷವೇ ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಎರಡನೆಯ ಪದಕ್ಕೆ ಹಾಳುಗೆಡಹುವುದು ಎಂದೇ ಅರ್ಥ. ಸ್ವಲ್ಪದರಲ್ಲೇ ಅದು ನಮ್ಮ ಘಟ್ಟಕ್ಕೂ ಬಂತು.

ಈ ತುಕ್ಕಿನ ಕೆಲಸ ಕೊಳೆಯಂಥದ್ದಲ್ಲ. ಕೊಳೆ ಎಲೆಯನ್ನು ಕೊಂದು ತಿನ್ನುತ್ತದೆ. ತುಕ್ಕಿಗೆ ಎಲೆ ಬದುಕಿರಬೇಕು. ಬೀಜಾಣು ಎಲೆಯ ಅಡಿಯ ನೀರ ಹನಿಯಲ್ಲಿ ಮೊಳೆತು, ಎಲೆ ಉಸಿರಾಡುವ ರಂಧ್ರದ ಮೂಲಕ ಒಳಗೆ ಹೋಗಿ, ಜೀವಕೋಶಕ್ಕೆ ಹೀರುಬೇರು ಇಳಿಸಿ, ಎಲೆ ಬಿಸಿಲಲ್ಲಿ ಮಾಡಿದ ಸಕ್ಕರೆಯನ್ನು ಕುಡಿಯುತ್ತ ಕೂರುತ್ತದೆ. ವಾರಗಳ ಮೇಲೆ ಕಿತ್ತಳೆ ಪುಡಿ ಹೊರಬರುತ್ತದೆ, ಎಲೆ ಉದುರುತ್ತದೆ. ಕಾಯಿ ಮಾತ್ರ ರೆಂಬೆಯಲ್ಲೇ ಇರುತ್ತದೆ. ಎಲೆಯಿಲ್ಲದ ಗಿಡ ಆ ಕಾಯಿಯನ್ನು ಸಾಕಲು ರೆಂಬೆ, ಬೇರಿನಲ್ಲಿ ಕೂಡಿಟ್ಟ ಪಿಷ್ಟವನ್ನೆಲ್ಲ ಖರ್ಚು ಮಾಡುತ್ತದೆ, ತುದಿಯಿಂದ ಒಣಗುತ್ತ ಬರುತ್ತದೆ. ಬಯಲಲ್ಲಿ ಬೆಳೆದ ಗಿಡ ಹೆಚ್ಚು ಕಾಯಿ ಕಟ್ಟುತ್ತದೆ, ಆದ್ದರಿಂದ ಬೇಗ ಬರಿದಾಗುತ್ತದೆ. ಸಿಲೋನಿನಲ್ಲಿ ಬೆಟ್ಟದಿಂದ ಬೆಟ್ಟಕ್ಕೆ ಕಾಫಿ ಬಿಟ್ಟರೆ ಬೇರೆ ಗಿಡ ಇರಲಿಲ್ಲ. 1880ರಲ್ಲಿ ಅಲ್ಲಿಗೆ ಹೋದ ಮಾರ್ಷಲ್ ವಾರ್ಡ್ ಎಂಬ ಯುವ ವಿಜ್ಞಾನಿ ಎರಡು ವರ್ಷ ಕೂತು, ಬೀಜಾಣು ಗಾಳಿಯಲ್ಲಿ ಹಾರಿ ಎಲೆಗೆ ಸೇರುವುದನ್ನು ತೋರಿಸಿದ. ಆಗಲೇ ತಡವಾಗಿತ್ತು. ಇಪ್ಪತ್ತು ವರ್ಷದಲ್ಲಿ ಸಿಲೋನ್ ಟೀ ದೇಶವಾಯಿತು.

ನಮ್ಮ ಬೆಟ್ಟ ಉಳಿಯಿತು. ಪೂರ್ತಿ ಅಲ್ಲ, ನಷ್ಟ ಸಾಕಷ್ಟಾಯಿತು, ಆದರೆ ಕಾಫಿ ಉಳಿಯಿತು. ಕಾಂಡಕೊರಕದ ಭಯಕ್ಕೆ ಬೆಳೆಸಿದ ನೆರಳು ಇಲ್ಲಿ ಕೆಲಸಕ್ಕೆ ಬಂತು ಎಂದು ನಾವು ಓದಿದ್ದರಿಂದ ಅಂದಾಜು ಮಾಡುತ್ತೇವೆ. ನೆರಳಲ್ಲಿ ಗಿಡ ಕೈಮೀರಿ ಕಾಯಿ ಕಟ್ಟುವುದಿಲ್ಲ. ಗೋಣಿ, ಬಸರಿ, ಅತ್ತಿ ಎಲೆ ಉದುರಿಸಿ ನೆಲಕ್ಕೆ ಊಟ ಹಾಕುತ್ತವೆ. ಹಾಲುವಾಣದ ಬೇರುಗಂಟಿನಲ್ಲಿ ಕೂತ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಕೊಡುತ್ತದೆ. ಈಗ ಎಲ್ಲೆಲ್ಲೂ ಕಾಣುವ ಸಿಲ್ವರ್ ಓಕ್ ಈ ಕೆಲಸ ಮಾಡುವುದಿಲ್ಲ. ಅದು ಆಸ್ಟ್ರೇಲಿಯಾದಿಂದ ಬಂದ ಮರ, ನೆಟ್ಟಗೆ ಬೆಳೆಯುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಬಹುದು, ಮಾರಿದರೆ ದುಡ್ಡು. ದುಡ್ಡಿನ ಕಾರಣವನ್ನು ನಾವು ಹಳಿಯುವವರಲ್ಲ, ಮಗಳ ಮದುವೆಗೆ ಬಸರಿ ಮರ ಯಾರೂ ಕೊಳ್ಳುವುದಿಲ್ಲ.

ನೆರಳಿಗೆ ಇನ್ನೊಂದು ಮುಖ ಇದೆ. ಕಾಂಡಕೊರಕಕ್ಕೆ ಬಿಸಿಲು ಬೇಕು, ಕೊಳೆಗೆ ನೆರಳು ಬೇಕು. ನೆರಳು ಕಡಿಮೆಯಾದರೆ ಹುಳ, ಹೆಚ್ಚಾದರೆ ಬೂಷ್ಟು. ನೂರೈವತ್ತು ವರ್ಷದಿಂದ ಈ ಎರಡರ ನಡುವಿನ ಹಗ್ಗದ ಮೇಲೆ ನಮ್ಮ ಬೆಳೆಗಾರರು ನಡೆಯುತ್ತಿದ್ದಾರೆ. ಆ ನಡಿಗೆಗೆ ನಮ್ಮಲ್ಲಿ ಒಂದೇ ಪದ: ಮರಗಸಿ. ಮಳೆಗೆ ಮೊದಲು ಮರ ಹತ್ತಿ ರೆಂಬೆ ಸವರಿ ಗಾಳಿ, ಬೆಳಕಿಗೆ ದಾರಿ ಮಾಡುವುದು. ಈ ಪದಕ್ಕೆ ಆಮೇಲೆ ಬರುತ್ತೇವೆ.

ಔಷಧಿಯ ಕತೆ ಅಡಿಕೆಯಿಂದ ಶುರು. ಲೆಸ್ಲಿ ಕೋಲ್ಮನ್ ಎಂಬ ಕೆನಡಾದವನು 1908ರಲ್ಲಿ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ. ಹುಳ ಮತ್ತು ಬೂಷ್ಟು ಎರಡನ್ನೂ ಓದಿದವನು. ಆಗ ಮಲೆನಾಡಿನವರು ಅಡಿಕೆ ಕೊನೆಗೆ ಹಾಳೆಯ ಕೊಟ್ಟೆ ಕಟ್ಟಿ ಮಳೆ ತಪ್ಪಿಸುತ್ತಿದ್ದರು. ಕೋಲ್ಮನ್ ರೋಗಕಾರಕ ಫೈಟಾಫ್ತೊರಾ ಎಂದು ಗುರುತಿಸಿ 1910ರಲ್ಲಿ ಪ್ರಕಟಿಸಿದ, ಬೋರ್ಡೋ ದ್ರಾವಣ ಹೊಡೆಯಲು ಕಲಿಸಿದ. ಮೈಲುತುತ್ತ ಮತ್ತು ಸುಣ್ಣದ ಈ ಮಿಶ್ರಣ ಹುಟ್ಟಿದ್ದು ಫ್ರಾನ್ಸಿನಲ್ಲಿ. ದಾರಿಯ ಪಕ್ಕದ ದ್ರಾಕ್ಷಿ ಕದಿಯುವವರನ್ನು ಹೆದರಿಸಲು ಬೆಳೆಗಾರರು ಬಳ್ಳಿಗೆ ನೀಲಿ ನೀರು ಚಿಮುಕಿಸುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬಂದಿಲ್ಲ ಎನ್ನುವುದನ್ನು ಮಿಲಾರ್ಡೆ ಎಂಬ ಪ್ರೊಫೆಸರ್ ಗಮನಿಸಿ 1885ರಲ್ಲಿ ಪ್ರಕಟಿಸಿದ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಇವತ್ತಿಗೂ ನಮ್ಮ ಕಡೆ ಅದೇ ಶೇಕಡಾ ಒಂದರ ದ್ರಾವಣ. ಇದು ರೋಗ ಬಂದ ಮೇಲೆ ಗುಣಪಡಿಸುವ ಮದ್ದಲ್ಲ, ಬಾಗಿಲಿಗೆ ಹಾಕುವ ಚಿಲಕ. ಬೀಜಾಣು ಮೊಳೆಯುವ ಮೊದಲೇ ಎಲೆ, ಕಾಯಿಯ ಮೇಲೆ ತಾಮ್ರ ಇರಬೇಕು. ಇದು ಗೊತ್ತಿದ್ದರೆ ‘ರೋಗ ಕಾಣಿಸಿದ ತಕ್ಷಣ ಸಿಂಪಡಿಸಿ’ ಎಂದು ನಾವು ಬರೆಯುತ್ತಿರಲಿಲ್ಲ. ಅದನ್ನೂ ಬರೆದಿದ್ದೇವೆ.

ಎಲೆತುಕ್ಕಿನ ಕಾಟಕ್ಕೆ 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಸಂಶೋಧನಾ ಘಟಕ ಶುರುವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಹತ್ತಿರ ಮೈಸೂರು ಸರ್ಕಾರದ ಕಾಫಿ ಪ್ರಯೋಗ ಕೇಂದ್ರ. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದೇ. ಅಷ್ಟರಲ್ಲಿ ಬೆಳೆಗಾರರೂ ಸುಮ್ಮನಿರಲಿಲ್ಲ. ದೊಡ್ಡೇನಗುಡ್ಡ ಎಸ್ಟೇಟಿನ ಕೆಂಟ್ ಎಂಬಾತ 1911ರಲ್ಲಿ ತುಕ್ಕು ತಗಲದ ಒಂದು ಗಿಡ ಗುರುತಿಸಿ ಬೀಜ ಉಳಿಸಿಕೊಂಡ. ‘ಕೆಂಟ್ಸ್’ ತಳಿ ಹಬ್ಬಿತು, ಪೂರ್ವ ಆಫ್ರಿಕಾಕ್ಕೂ ಹೋಯಿತು. ಸ್ವಲ್ಪ ವರ್ಷಗಳಲ್ಲಿ ಅದಕ್ಕೂ ತುಕ್ಕು ಹಿಡಿಯಿತು. ತಳಿ ಕೆಟ್ಟುಹೋಯಿತೇ? ಬಾಳೆಹೊನ್ನೂರಿನಲ್ಲಿ ಕೆಲಸ ಮಾಡಿದ ಮೇಯ್ನ್ 1932ರಲ್ಲಿ ಉತ್ತರ ಕೊಟ್ಟ. ಗಿಡ ಬದಲಾಗಿಲ್ಲ, ಬೂಷ್ಟಿನಲ್ಲೇ ಬೇರೆಬೇರೆ ಕುಲಗಳಿವೆ. ಕೆಂಟ್ಸ್ ಗಿಡವನ್ನು ತಿನ್ನಬಲ್ಲ ಕುಲಕ್ಕೆ ಬೆಟ್ಟದ ತುಂಬ ಕೆಂಟ್ಸ್ ನೆಟ್ಟು ನಾವೇ ಊಟ ಹಾಕಿದೆವು. ಕಾಫಿ ತುಕ್ಕಿನ ವಿಷಯದಲ್ಲಿ ಜಗತ್ತಿಗೆ ಇದನ್ನು ಮೊದಲು ತೋರಿಸಿದ್ದು ಭದ್ರಾ ದಡದ ಆ ಸಣ್ಣ ಊರಲ್ಲಿ ನಡೆದ ಕೆಲಸ.

ಆಮೇಲಿನ ದಾರಿ ಬೆರಕೆಯದು. ಅರೇಬಿಕಾ ಮತ್ತು ಲೈಬೀರಿಕಾ ತಾವಾಗಿ ಕೂಡಿ ಹುಟ್ಟಿದ್ದ ಗಿಡದ ಸಂತತಿಯನ್ನು ಕೆಂಟ್ಸ್ ಜೊತೆ ಸೇರಿಸಿ ಮಾಡಿದ ಎಸ್.795 ಎಂಬ ತಳಿ 1945-46ರ ಹೊತ್ತಿಗೆ ಹೊರಬಂತು. ಇವತ್ತಿಗೂ ನಮ್ಮ ಅರೇಬಿಕಾ ತೋಟಗಳಲ್ಲಿ ‘ಸೆವೆನ್ ನೈಂಟಿಫೈ’ ಅಂದರೆ ಗೊತ್ತಿಲ್ಲದ ಆಳಿಲ್ಲ. ಅದಕ್ಕೂ ಈಗ ತುಕ್ಕು ಬರುತ್ತದೆ. 1970ರಲ್ಲಿ ತುಕ್ಕು ಬ್ರೆಜಿಲ್ ಮುಟ್ಟಿತು, 2012ರ ಸುಮಾರಿಗೆ ಮಧ್ಯ ಅಮೆರಿಕದ ತೋಟಗಳನ್ನು ಬರಿದು ಮಾಡಿತು. ಅಲ್ಲಿನ ಕೂಲಿಯವರು ಕೆಲಸವಿಲ್ಲದೆ ಊರು ಬಿಟ್ಟ ಸುದ್ದಿ ಓದುವಾಗ ನಮಗೆ ಲೈನ್ ಮನೆಗಳೇ ಕಣ್ಣ ಮುಂದೆ ಬಂದವು.

ಬೂಷ್ಟೆಲ್ಲ ಶತ್ರು ಅಂದುಕೊಂಡರೂ ತಪ್ಪು. ಕಾಫಿ ಎಲೆಯ ಮೇಲಿನ ಹಸಿರು ಹೇನಿಗೆ ಬಿಳಿ ಉಂಗುರ ಕಟ್ಟಿ ಕೊಲ್ಲುವ ಒಂದು ಶಿಲೀಂಧ್ರವಿದೆ, ಲೆಕ್ಯಾನಿಸಿಲಿಯಂ. ಹೇನಿನ ಸಿಹಿ ರಸಕ್ಕಾಗಿ ಇರುವೆಗಳು ಹೇನನ್ನು ಹಸುವಿನ ಹಾಗೆ ಸಾಕುತ್ತವೆ. ಹೇನು ಗುಂಪಾದಲ್ಲಿ ಈ ಬಿಳಿ ಬೂಷ್ಟು ಬರುತ್ತದೆ. ಅದೇ ಬೂಷ್ಟು ಎಲೆತುಕ್ಕಿನ ಕಿತ್ತಳೆ ಪುಡಿಯ ಮೇಲೂ ಬೆಳೆದು ತುಕ್ಕನ್ನು ತಿನ್ನುತ್ತದೆ. ಮೆಕ್ಸಿಕೋದ ನೆರಳಿನ ತೋಟವೊಂದರಲ್ಲಿ ಈ ಸಂಬಂಧವನ್ನು ವರ್ಷಗಟ್ಟಲೆ ಅಳೆದಿದ್ದಾರೆ. ತುಕ್ಕಿಗೆಂದು ಹೊಡೆದ ತಾಮ್ರ ತುಕ್ಕು ತಿನ್ನುವ ಬೂಷ್ಟಿಗೂ ತಾಗುತ್ತದಲ್ಲ ಎಂಬ ಪ್ರಶ್ನೆಯನ್ನೂ ಅಲ್ಲಿನವರು ಎತ್ತಿದ್ದಾರೆ. ತೇಜಸ್ವಿ ಇದ್ದಿದ್ದರೆ ಮೂಡಿಗೆರೆಯ ನಿರುತ್ತರದ ಗಿಡಗಳ ಅಡಿಯಲ್ಲಿ ಲೆನ್ಸ್ ಹಿಡಿದು ಕೂರುತ್ತಿದ್ದರು ಎಂದು ನಮ್ಮ ಗೆಳೆಯನೊಬ್ಬ ಹೇಳಿದ. ಇರಬಹುದು.

ಡಿಸೆಂಬರ್ ಬಂದರೆ ಬ್ಯಾಕ್ಟೀರಿಯಾಕ್ಕೂ ಯೀಸ್ಟಿಗೂ ಕೂಲಿಯಿಲ್ಲದ ಕೆಲಸ. ಪಲ್ಪರ್‌ನಲ್ಲಿ ಸಿಪ್ಪೆ ಹೋದ ಕಾಫಿ ಬೀಜದ ಮೇಲೆ ಲೋಳೆ ಇರುತ್ತದೆ. ತೊಟ್ಟಿಯಲ್ಲಿ ಒಂದು ದಿನದಿಂದ ಒಂದೂವರೆ ದಿನ ಬಿಟ್ಟರೆ ಇವು ಅದನ್ನು ಕರಗಿಸುತ್ತವೆ, ತೊಳೆದು ಕಣಕ್ಕೆ ಹಾಕಿದರೆ ಪಾರ್ಚ್‌ಮೆಂಟ್. ತೊಳೆದ ನೀರಿನ ತುಂಬ ಸಕ್ಕರೆ. ಅದನ್ನು ಹಾಗೇ ಹಳ್ಳಕ್ಕೆ ಬಿಟ್ಟರೆ ಅಲ್ಲಿನ ಸೂಕ್ಷ್ಮಜೀವಿಗಳು ಹಬ್ಬ ಮಾಡುತ್ತವೆ, ಉಸಿರಾಡುತ್ತ ನೀರಿನ ಆಮ್ಲಜನಕವನ್ನೆಲ್ಲ ಮುಗಿಸುತ್ತವೆ. ಮೀನು ಸಾಯುವುದು ವಿಷಕ್ಕಲ್ಲ, ಉಸಿರುಕಟ್ಟಿ. ಬೇಸಿಗೆಯ ಮೊದಲು ಹಳ್ಳ ಸಣಕಲಾದಾಗಲೇ ಪಲ್ಪಿಂಗ್ ಬರುವುದು ಇನ್ನೊಂದು ಕಷ್ಟ. ಹೊಂಡ ತೋಡಿ ಸುಣ್ಣ ಹಾಕಿ ನಿಲ್ಲಿಸುವ ತೋಟಗಳಿವೆ, ರಾತ್ರಿ ಬಿಡುವ ತೋಟಗಳೂ ಇವೆ. ಕೆಳಗಿನ ಊರಿನವರು ವಾಸನೆಯಿಂದಲೇ ಯಾವ ದಿನ ಪಲ್ಪಿಂಗ್ ಎಂದು ಹೇಳುತ್ತಾರೆ.

ಈಗ ಮರಗಸಿಗೆ ಬರೋಣ. ಕೊಳೆಯ ಜೊತೆ ನಾವು ಪ್ರತಿ ವರ್ಷ ಬರೆಯುವ ಇನ್ನೊಂದು ಸುದ್ದಿ ಇದು: ‘ಮರಗಸಿ ವೇಳೆ ವಿದ್ಯುತ್ ತಗುಲಿ ಕಾರ್ಮಿಕ ಸಾವು’. ಅಲ್ಯೂಮಿನಿಯಂ ಏಣಿ ತೋಟದ ಮೇಲೆ ಹಾದುಹೋದ ತಂತಿಗೆ ತಾಗುತ್ತದೆ. ಏಣಿ ಹಗುರ, ಉದ್ದ, ಹಸಿ ಕೈ, ಹಸಿ ನೆಲ. ನಾಲ್ಕು ಸಾಲಿನ ಸುದ್ದಿ, ಹೆಸರು, ವಯಸ್ಸು, ಊರು, ಪ್ರಕರಣ ದಾಖಲು. ಆ ಮನುಷ್ಯ ಅಷ್ಟು ಎತ್ತರಕ್ಕೆ ಯಾಕೆ ಹತ್ತಿದ್ದ ಎಂದು ನಾವು ಒಮ್ಮೆಯೂ ಬರೆದಿಲ್ಲ. ಮಳೆಗಾಲದಲ್ಲಿ ಒಂದು ಬೂಷ್ಟು ಎಲೆಯಿಂದ ಎಲೆಗೆ ತೆವಳದಿರಲಿ ಎಂದು ಹತ್ತಿದ್ದ. ಬಿಡೀ ವರದಿಯಲ್ಲಿ, ಕುಕ್ಕನ ವಿವರಣೆಯಲ್ಲಿ ಅವನ ಕೆಲಸದ ಕಾರಣ ಇದೆ. ನಮ್ಮ ನಾಲ್ಕು ಸಾಲಿನಲ್ಲಿ ಇಲ್ಲ.

ಕಳೆದ ಮಳೆಗಾಲದಲ್ಲಿ ಆ ರೈಟರ್ ಮನೆಗೆ ಹೋಗಿದ್ದೆವು. ಈಗ ಅವರು ನಿವೃತ್ತಿ, ಮಂಡಿ ನೋವು. ಕಳಸದ ಕಡೆ ಅಡಿಕೆಗೆ ಎಲೆಚುಕ್ಕಿ ಬಂದು ತೋಟಗಳು ಬಿಳಚಿಕೊಂಡಿರುವ ಮಾತು ಬಂತು. ‘ಇದು ಯಾವುದು, ಕೊಳೆಯಾ?’ ಎಂದು ನಮ್ಮನ್ನೇ ಕೇಳಿ ನಕ್ಕರು. ಅಲ್ಲ, ಇದು ಮೂರನೆಯದು, ಬೇರೆ ಶಿಲೀಂಧ್ರ ಅಂದೆವು. “ಸರಿ, ಈ ಸಲ ಕೇಳಿ ಬರೀರಿ” ಅಂದರು. ಲ್ಯಾಟಿನ್ ಹೆಸರಿನ ವಿಷಯ ಹೇಳಿದಾಗ ಅವರಿಗೆ ಅಷ್ಟೇನೂ ಆಶ್ಚರ್ಯವಾಗಲಿಲ್ಲ. “ಅವರಿಗೆ ಗಿಡ ತೋರಿಸಿದ್ದು ಇಲ್ಲಿ ಆಳುಗಳೇ ಅಲ್ವಾ, ಮತ್ತಿನ್ನೇನು ಹೆಸರು ಹೇಳ್ತಾರೆ?” ಪಕ್ಕದ ಒಂದೂವರೆ ಎಕರೆಯಲ್ಲಿ ಅಡಿಕೆ ನಡುವೆ ಕಾಫಿ ಗಿಡ ಹಾಗೇ ಇತ್ತು. ಬೋರ್ಡೋ ಹೊಡೆದ ನೀಲಿ ಕಲೆ ಎಲೆಗಳ ಮೇಲೆ ಕಾಣುತ್ತಿತ್ತು.